ಆಯಿಲ್ ಕುಡಿದ ಕಾರು

ಸುಟ್ಟ ಆಯಿಲ್ ವಾಸನೆ ಬಂದರೆ ಇಂದಿಗೂ ನನ್ನ ಹೆಜ್ಜೆ ಚುರುಕಾಗುತ್ತದೆ.

ನಮ್ಮ ಹಳೇ ಕಾರು ಜಗ್ಗಿ ಜಗ್ಗಿ ಓಡುತ್ತಿತ್ತು; ಹಾಕಿದ ಆಯಿಲ್ ವಾರದಲ್ಲೇ ಇಳಿದುಹೋಗುತ್ತಿತ್ತು. ಅದನ್ನು ರಿಪೇರಿ ಮಾಡುತ್ತಿದ್ದ ಸವದತ್ತಿಯ ಮಿಸ್ತ್ರಿ ಕಾಕಾ ಆಯಿಲ್ ಕದಿಯುತ್ತಾರೆಂದು ಅಪ್ಪನಿಗೆ ಗುಮಾನಿ.

"ನೀ ಏನರ ನೋಡೀಯೇನ?" ಎಂದು ನನ್ನನ್ನು ಕೇಳಿದರು.

ಅವರನ್ನು ಮೆಚ್ಚಿಸಲು, "ಹೂಂ, ಕಾಕಾ ಡಬ್ಬಿಗಿ ಸುರುವಿಕೊಂಡ್ರು" ಎಂದು ಸುಳ್ಳು ಹೇಳಿದೆ.

ಆ ಮಧ್ಯಾಹ್ನ ಗ್ಯಾರೇಜಿನಲ್ಲಿ ಅಪ್ಪ ಎಲ್ಲರೆದುರು ಕಾಕಾರನ್ನು ಕಳ್ಳ ಎಂದರು. ಕಾಕಾ ಜಗಳವಾಡಲಿಲ್ಲ. ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದು ಕರ್ರಗೆ, ಜಿಡ್ಡುಜಿಡ್ಡಾಗಿ ಒದ್ದೆಯಾಗಿತ್ತು.

"ನೋಡವ್ವಾ, ಒಳಗ ಪಿಸ್ಟನ್ ರಿಂಗ್ ಸವದಾವು. ಇಂಜಿನ್ ತಾನ ಆಯಿಲ್ ಸುಡಾಕ ಹತ್ತೈತಿ. ಅದಕ್ಕ ಈ ಮಿಸ್ಸಿಂಗ್, ಗಾಡಿ ಜಗ್ಗೂದು."

ಅಪ್ಪ ನನ್ನತ್ತ ತಿರುಗಿದರು.

"ಸಣ್ಣ ಹುಡುಗಿ, ಬೈಬ್ಯಾಡ್ರಿ" ಎಂದ ಕಾಕಾ ತಮ್ಮ ಹೆಗಲ ಟವೆಲ್ಲಿನಿಂದ ನನ್ನ ಕೈ ಒರೆಸಿದರು.

ತಪ್ಪಾಯಿತೆಂದು ನಾನು ಹೇಳಲಿಲ್ಲ. ಅಪ್ಪನೂ ಹೇಳಲಿಲ್ಲ.