ಇನ್ನೊಂದ ವರ್ಷದ ಗ್ಯಾರಂಟಿ

ನಮ್ಮ ಮೋಟಾರ ಕೊಲ್ಲಾಪುರದಿಂದ ಗಡಹಿಂಗ್ಲಜಕ್ಕ ಬಂದ ದಿನಾ ಕಾಗಲದ ಕಾರ್ಖಾನಿ ಭೋಂಗಾ ಹೊಡದಿತ್ತು, ಎಸ್.ಟಿ. ಬಸ್ಸ ಬಾಜೂಕ ನಿಂತ ದಾರಿ ಬಿಟ್ಟಿದ್ದುವು. ಅರ್ಧಾ ಸುಳ್ಳ ಐತಿ ಬಿಡ ತಾರವ್ವ. ಭೋಂಗಾ ದಿನಾ ಹೊಡೀತೈತಿ. ಬಸ್ಸ ಒಂದ ನಿಂತಿದ್ದ ಖರೇ, ಅದರ ಗಾಲಿ ಪಂಚರ ಆಗಿತ್ತು. ಆದ್ರ ಈ ಓಣ್ಯಾಗ ಮೊದಲನೇ ಮೋಟಾರ ನಮ್ದ, ಅದರಾಗ ಕಾಳಿನಷ್ಟೂ ಸುಳ್ಳಿಲ್ಲ. ನೀ ನಮ್ಮ ಮನಿ ಸೊಸಿಯಾಗಿ ಬರೂಕಿಂತ ಮೊದಲಿನ ಮಾತದು.

ನಮ್ಮವರು ಮೆಣಸಿನಕಾಯಿ ಯಾಪಾರ ಮಾಡಾವ್ರು. ಮೋಟಾರ ತಗೊಳ್ಳೂ ಮುಂದ ಬೆಳಗಾವಿಗೆ ನೂರಸಲ, ಕೊಲ್ಲಾಪುರಕ್ಕ ನೂರಸಲ, ನಾ ಕಟ್ಟಿಕೊಟ್ಟ ಬುತ್ತಿ ತಿಂದ ತಿಂದ ಅಡ್ಡಾಡಿದ್ರು. ಎರಡೂ ಕಡೆ ಒಂದ ವರ್ಷದ ಗ್ಯಾರಂಟಿ ಫುಕಟ. ಮ್ಯಾಲ ಇನ್ನೊಂದ ವರ್ಷ ಬೇಕಂದ್ರ ಬೆಳಗಾವ್ಯಾಗ ಮುನ್ನೂರ ರೂಪಾಯಿ, ಮೋಟಾರ ಯಾರ ಕೈಗಿ ಹೋದ್ರೂ ಗ್ಯಾರಂಟಿ ಅದರ ಸಂಗಾಟ ಹೋಗತಿತ್ತು. ಆದ್ರ ಆ ಕಾಗದ ಗಡಿ ದಾಟಿ ಈ ಮಹಾರಾಷ್ಟ್ರದ ಕಡೆ ನಡಿಯಾಂಗಿಲ್ಲ. ಕೊಲ್ಲಾಪುರದಾಗ ಅದಕ್ಕ ಆರನೂರ, ಅದೂ ಮಾಲಕ ಜೀವಂತ ಇರೂತನಕ ಅಷ್ಟ. ಮೋಟಾರ ಕೆಟ್ರ ಅಂವ ಸ್ವತಾ ಬಂದ ಸಹಿ ಮಾಡಬೇಕು. ರೊಕ್ಕಾನೂ ಹೆಚ್ಚ, ಕಟ್ಟಳೀನೂ ಹೆಚ್ಚ, ಯಾಕ ಬೇಕರಿ ಅಂತ ನಾ ಅಂದ್ರ ಅವರು ನಕ್ಕ ಆರನೂರ ಎಣಿಸಿ ಕೊಟ್ರು.

"ಎರಡ ವರ್ಷದಾಗ ನಾ ಎಲ್ಲಿ ಹೊಕ್ಕೇನಿ?"

ಹೋದ್ರು. ದೀಪಾವಳಿಗೆ ಮೋಟಾರ ಬಂತು, ಮುಂದಿನ ಶ್ರಾವಣದಾಗ ಪ್ಯಾಟ್ಯಾಗ ಮೆಣಸಿನಕಾಯಿ ಚೀಲದ ಮ್ಯಾಲ ಕುಂತಾವ್ರು ಕುಂತಲ್ಲೇ ಹೋದ್ರು. ಯಾಪಾರ ನಿಂತಿತು. ಮೈದುನ ಭರಮಪ್ಪ ಮೋಟಾರ ಬಾಡಗಿಗೆ ಹೊಡ್ಯಾಕ ಹತ್ತಿದ, ಮದುವಿಗೆ, ದವಾಖಾನಿಗೆ. ಅಂವನ ಮನಿ ಒಲಿ, ನನ್ನ ಮನಿ ಒಲಿ ಅದರ ಮ್ಯಾಲ ಉರೀತಿದ್ದುವು. ಸಂಕ್ರಮಣದ ಹೊತ್ತಿಗೆ ಗೇರ್ ಬಾಕ್ಸ ಒಡೀತು. ಹೊಸಾದ ಹಾಕಸೂ ತಾಕತ್ತ ನಮಗಿಲ್ಲ. ಗ್ಯಾರಂಟಿ ಇನ್ನೂ ಹತ್ತ ತಿಂಗಳ ಇತ್ತು, ಸಹಿ ಮಾಡೂ ಮಾಲಕ ಇರಲಿಲ್ಲ.

ಭರಮಪ್ಪ ಮೂರ ದಿನಾ ಉಣ್ಣಲಿಲ್ಲ. ನಾಕನೇ ದಿನಾ ಬಂದು, ಗ್ವಾಡಿ ಕಡೆ ಮಾರಿ ಮಾಡಿ ನಿಂತು ಅಂದ:

"ವೈನಿ, ಅಣ್ಣನ ಮೂಗ ನನ್ನ ಮೂಗ ಒಂದ. ಅವನ ಕೋಟ ಹಾಕ್ಕೊಂಡ ನಾನ ಸಹಿ ಮಾಡತೇನಿ. ನೀವು ಬಾಜೂಕ ಕುಂತ್ರ ಯಾರೂ ಏನೂ ಕೇಳಾಂಗಿಲ್ಲ."

"ಹಿಂಗ ಹಣಿಗೆ ಬರೇ ಇಬತ್ತಿ ಹಚ್ಕೊಂಡ ಕುಂತ್ರ?" ಅಂದ್ನಿ ನಾ.

ಅಂವ ಕಿಸೇದಾಗಿಂದ ಕಾಗದದಾಗ ಸುತ್ತಿದ ಹಸರ ಬಳಿ, ಒಂದ ಕುಂಕಮದ ಪುಡಿಕಿ ತಗದ ಹೊಸ್ತಲ ಮ್ಯಾಲ ಇಟ್ಟ ಹೋದ. ಐದ ತಿಂಗಳ ಹಿಂದ ಇದ ಓಣಿ ಹೆಂಗಸರು ನನ್ನ ಕೈ ಹಿಡದ ಕಲ್ಲಿಗಿ ಬಡದ ಬಳಿ ಒಡದಿದ್ರು. ಈ ಬಳಿ ಅವನ ಹೇಂತಿ ಅಳತೀದು. ಸಬ್ಬಕಾರ ಹಚ್ಚಿ ತುರುಕೊಂಡ್ನಿ, ಒಂದ ಕೊಡ ನೆತ್ತರ ಹೋಗಿರಬೇಕು. ನಗಬ್ಯಾಡ, ಎರಡ ಹನಿಯರ ಖರೇನ ಹೋತು.

ಮೋಟಾರ ಒಂದ ಟ್ರಕ್ಕಿಗೆ ಹಗ್ಗಾ ಕಟ್ಟಿ ಎಳಸಿದ್ವಿ, ನಾವಿಬ್ಬರೂ ಒಳಗ. ಊರ ದಾಟೂತನಕ ನಾ ಸೆರಗ ಮೂಗಿನತನಕ ಎಳಕೊಂಡಿದ್ನಿ. ಕೊಲ್ಲಾಪುರದ ಶೋರೂಮಿನಾಗ ಶ್ರೀಪಾಲ ಅಂತ ಹೊಸಾ ಕಾರಕೂನ. ಕಾಗದ ನೋಡಿದ, ಭರಮಪ್ಪನ್ನ ನೋಡಿದ, ನನ್ನ ಹಣಿ ನೋಡಿದ. ನಮ್ಮವರ ಹೆಸರ ಜೋರಲೆ ಓದಿ, ನೀವ ಏನ್ರಿ ಅಂದ. ಹೌದ್ರಿ ಅಂದ ಭರಮಪ್ಪ. ಅಷ್ಟ. ಶ್ರೀಪಾಲ ಪೆನ್ನಿನ ಟೊಪಗಿ ತಗದ ಅವನ ಕೈಯಾಗ ಕೊಟ್ಟ, ಚಾ ತರಾಕ ಹೇಳಿದ.

ಆಗ ಒಳಗಿಂದ ಶೋರೂಮ ಮಾಲಕನ ಹೇಂತಿ ಇಂದುಬಾಯಿ ಬಂದ್ಲು. ಗಿರಾಕಿಗಳ ಹೆಂಡರಿಗೆಲ್ಲಾ ಅವತ್ತ ಅರಿಷಿಣ ಕುಂಕಮ ಇಟ್ಟಿದ್ಲು. ಬ್ಯಾಡ ಅಂದ್ರೂ ಕೇಳದ ಕೈ ಹಿಡದ ಎಳಕೊಂಡ ಹೋದ್ಲು. ಹತ್ತ ಮಂದಿ ಮುತ್ತೈದೇರ ನಡುವ ಚಾಪಿ ಮ್ಯಾಲ ಕುಂಡ್ರಿಸಿ, ನನ್ನ ಕುಂಕಮದ ಮ್ಯಾಲ ತನ್ನ ಕುಂಕಮ ಹಚ್ಚಿದ್ಲು, ಕೈಯಾಗ ಎಳ್ಳ-ಬೆಲ್ಲದ ತಿಳಗೂಳ ಇಟ್ಲು. ಟೆಂಗಿನಕಾಯಿ, ಕುಬಸದ ಖಣ, ಗೋದಿ ತುಂಬಿದ ತಾಟ ಎತ್ತಿಕೊಂಡ ನನ್ನ ಮುಂದ ಕುಂತ್ಲು. ಪಾಪ, ಭಾಳ ಪ್ರೀತಿಲೆ.

"ಉಡೀ ಒಡ್ಡರಿ. ಮೊದಲ ನಾಂವ ಘ್ಯಾ, ವಹಿನಿ. ಯಜಮಾನರ ಹೆಸರ ಹೇಳದ ಇಲ್ಲಿಂದ ಯಾರೂ ಎದ್ದಿಲ್ಲ."

ನನಗಿಂತ ಮೊದಲಿನಾಕಿ ಗಂಡನ ಹೆಸರ ಕೂಡಿಸಿ ಎಂಥಾ ಚಂದ ಒಡಪ ಹಾಕಿದ್ಲು, ಎಲ್ಲಾರೂ ನಗಾಕತ್ತಿದ್ರು. ಇಪ್ಪತ್ತಾರ ವರ್ಷದ ಸಂಸಾರದಾಗ ಅವರ ಹೆಸರ ನನ್ನ ಬಾಯಾಗ ಬಂದಿದ್ದ ಎರಡ ಸಲ, ಮದುವ್ಯಾಗೊಮ್ಮೆ, ಬಸರಿದ್ದಾಗ ಕುಬಸದಾಗೊಮ್ಮೆ. ಬಾಗಲ ತೆರದಿತ್ತು. ಆ ಕಡೆ ಟೇಬಲ್ ಹತ್ತರ ಅವರ ಕೋಟ ಹಾಕ್ಕೊಂಡ ಭರಮಪ್ಪ, ಪೆನ್ನ ಕಾಗದದ ಮ್ಯಾಲ ಇಟ್ಟ, ಬರೀದ ನನ್ನ ಮಾರೀನ ನೋಡಾಕತ್ತಿದ್ದ. ಶ್ರೀಪಾಲನೂ ನಗಕೋಂತ ಇತ್ತಾಗ ಹೊಳ್ಳಿದ. ಇಂದುಬಾಯಿ ತಾಟ ಹಿಡಕೊಂಡ ಕಾಯಾಕತ್ತಿದ್ಲು.

ಸಹಿ ಆಗಲಿಲ್ಲ. ಅವತ್ತ ಎಳಕೊಂಡ ಹೋದ ಹಗ್ಗದಲೇ ಕೆಟ್ಟ ಮೋಟಾರ ಹೊಳ್ಳಿ ಎಳಕೊಂಡ ಬಂದ್ವಿ. ಹಿತ್ತಲದಾಗ ನಿಂತೈತಿ, ನೀ ಮುಂಜಾನೆ ಸಂಡಗಿ ಒಣಾ ಹಾಕಿದ್ದ ಅದರ ಟಪ್ಪಿನ ಮ್ಯಾಲೇನ. ಇನ್ನ ನಾ ಅಲ್ಲಿ ಬಾಯಿ ತಗದ ಏನಂದ್ನಿ, ಅದನ್ನ ನೀನ ಹೇಳ ನೋಡೂಣು.