ಕ್ಯಾರವಾನ್‌ನೊಳಗೆ ಒಡೆದ ಕಾಯಿ

ಆಯುಧಪೂಜೆಯ ದಿನವೂ ಶೂಟಿಂಗ್ ಇತ್ತು. ಮಾತನ್ನು ಅಲ್ಲೇ ರೆಕಾರ್ಡ್ ಮಾಡುತ್ತಿದ್ದರಿಂದ ಕೆಮ್ಮಿದವರಿಗೂ ಬೈಗುಳ ಬೀಳುತ್ತಿತ್ತು. ಇನ್ನು ಹೀರೋನ ವಿಶ್ರಾಂತಿಗೆಂದು ಬಾಡಿಗೆಗೆ ಬಂದಿದ್ದ ಕ್ಯಾರವಾನ್‌ಗೆ ಹೊರಗೆ ಕಾಯಿ ಒಡೆಯುವುದು ಹೇಗೆ? ಡ್ರೈವರ್ ಮಾದಪ್ಪ ಒಳಗಿನ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನೆಲಕ್ಕೆ ಕೂರಿಸಿದ್ದ ಪ್ಲಾಸ್ಟಿಕ್ ಶವರ್ ಟ್ರೇಗೆ ಕಾಯಿ ಕುಕ್ಕಿದ. ಕಾಯಿಯ ಜೊತೆ ಟ್ರೇಯೂ ಬಿರುಕು ಬಿಟ್ಟಿತು.

ಬಿರುಕಿಗೆ ಎಂಸೀಲ್ ಅಂಟು ಮೆತ್ತಿ ನೀರು ಬಿಟ್ಟರೆ ವ್ಯಾನಿನ ಅಡಿಯಿಂದ ತೊಟ್ಟಿಕ್ಕುತ್ತಲೇ ಇತ್ತು. ಅಷ್ಟರಲ್ಲಿ ಕ್ಯಾರವಾನ್‌ನ ಯಜಮಾನರೇ ಹಾರ ಹಿಡಿದು ಬಂದು, ಬಚ್ಚಲಿಗೂ ಇಣುಕಿದರು.

"ಯಾರೋ ಇದನ್ನ ಒಡ್ದೋರು?"

ಹಿಂದಿನ ಡ್ರೈವರನ್ನು ಇದಕ್ಕಿಂತ ಸಣ್ಣ ತಪ್ಪಿಗೆ ಮನೆಗೆ ಕಳಿಸಿದ್ದರು. ಮಾದಪ್ಪನ ಬಾಯಿಂದ ತಾನಾಗಿ ಬಂತು: "ನಿನ್ನೆ ಹೀರೋ ಸರ್ ಇಲ್ಲಿ ಜಾರಿ ಬಿದ್ರು, ಯಜಮಾನ್ರೆ."

ಈಗ ಯಜಮಾನರ ಮುಖ ಬಿಳಿಚಿತು. "ನಮ್ ಗಾಡೀಲಾ? ನಡಿ, ಕಾಲಿಗೆ ಬಿದ್ದು ಬರೋಣ."

"ಬೇಡಿ ಯಜಮಾನ್ರೆ, ಅವರಿಗೆ ಬೇಜಾರಾಗುತ್ತೆ."

ಅವರು ಕೇಳಲಿಲ್ಲ, ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಎಂಥ ಹೊಡೆದಾಟಕ್ಕೂ ಡ್ಯೂಪ್ ಬೇಡವೆಂದು ಹೆಸರಾದ ಹೀರೋ, ಶಾಟ್ ಮುಗಿಸಿ ಕುರ್ಚಿಯಲ್ಲಿ ಕುಳಿತಿದ್ದರು.

"ಸರ್, ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ರಂತೆ. ಮಾದಪ್ಪ ಹೇಳ್ದ. ತಪ್ಪಾಯ್ತು ಸರ್."

ಮಾದಪ್ಪ ಕಣ್ಣು ಮುಚ್ಚಿಕೊಂಡ.

ಹೀರೋ ಸುತ್ತಲೂ ನೋಡಿ, ಸೊಂಟ ಒತ್ತಿಕೊಳ್ಳುತ್ತ ಅವನತ್ತ ಬಾಗಿ ದನಿ ತಗ್ಗಿಸಿದರು: "ನಾನು ಬಾಗಿಲು ಹಾಕ್ಕೊಂಡಿದ್ನಲ್ಲೋ. ನೀನು ಹೆಂಗೆ ನೋಡ್ದೆ?"