ಲಾಭ, ಎರಡು, ಮೂರು

ನನಗೆ ಎಣಿಸಲು ಕಲಿಸಿದವಳು ಅಜ್ಜಿ. ಶಾಲೆ ಅದನ್ನು ಒಪ್ಪಿಕೊಂಡಿತು, ಅಷ್ಟೇ. ಇವತ್ತು ಹಿತ್ತಾಳೆಯ ಸೇರು ತಿಕ್ಕುವಾಗ ಹಳಿಯಾಳದ ಕಡೆಯ ನಮ್ಮೂರ ಶಾಲೆಯ ಆ ಮಧ್ಯಾಹ್ನ ನೆನಪಾಯಿತು.

ಶಾಲೆಗೆ ಹೆಸರು ಹಚ್ಚಲು ಅಜ್ಜಿ ನನ್ನನ್ನು ಕರೆದೊಯ್ದಿದ್ದಳು. ಮಾಸ್ತರರು ಎಣಿಸು ಎಂದರು. ಕಣದಲ್ಲಿ ಭತ್ತ ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ನಾನೂ "ಲಾಭ, ಎರಡು, ಮೂರು" ಎಂದೆ. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು.

"ಒಂದು ಅನ್ನಾಕನ ಬರೂದಿಲ್ಲ ಇದಕ್ಕ. ಮುಂದಿನ ವರ್ಷ ಕರ್ಕೊಂಡು ಬರ್ರಿ," ಎಂದರು ಮಾಸ್ತರರು.

ಮೂಲೆಯಲ್ಲಿ ಮಕ್ಕಳ ಉಪ್ಪಿಟ್ಟಿಗೆಂದು ಬಂದ ಗೋಧಿ ರವೆಯ ಚೀಲವಿತ್ತು. ನಾಲ್ಕನೇ ಇಯತ್ತೆಯ ಇಬ್ಬರು ಅದನ್ನು ಅಳೆದು, ಒಬ್ಬ ನಲವತ್ತು ಸೇರು, ಇನ್ನೊಬ್ಬ ನಲವತ್ಮೂರು ಎಂದು ಜಗಳಾಡುತ್ತಿದ್ದರು.

"ನಿಮ್ಮ ಶಾಣ್ಯಾರ ಜಗಳ ನಮ್ಮ ಹುಡಿಗಿ ಬಿಡಸ್ತಾಳ. ಆ ಸೇರು ಇತ್ತಾಗ ಕೊಡ್ರಿ ಮಾಸ್ತರ," ಎಂದಳು ಅಜ್ಜಿ.

ಒಂದು ಚಿಟಿಕೆಯೂ ಚೆಲ್ಲದೆ ಅಳೆದೆ. ನಲವತ್ತೊಂದು. ಮಾಸ್ತರರು ತಾವೇ ಮತ್ತೆ ಅಳೆದರು, ನಲವತ್ತೊಂದೇ ಬಂತು. ಹಾಜರಿ ಪುಸ್ತಕ ತೆಗೆದು ನನ್ನ ಹೆಸರು ಬರೆದರು.

ಮರುದಿನ ಬೆಳಿಗ್ಗೆ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಎಣಿಕೆ ಶುರುವಾದಾಗ ಎಲ್ಲರಿಗಿಂತ ಜೋರಾಗಿ "ಲಾಭ" ಎಂದೆ.